ಗೋಂದು ಒಣಗುವ ಮೊದಲು

ಮೇಜಿನ ಮೇಲೆ ಆಡುವ ಯುದ್ಧದಾಟಕ್ಕೆಂದು ಥರ್ಮಾಕೋಲಿನಲ್ಲಿ ಕೊರೆದ ನಗರದ ಗೋಡೆಯೊಂದಕ್ಕೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಪಕ್ಕದ ಗೋಡೆಗಳೆಲ್ಲ ಸಿಮೆಂಟಿನ ಬಣ್ಣದಲ್ಲಿ ಮೆರೆಯುತ್ತಿದ್ದವು. ತಾನೊಂದೇ ಬೋಳು ಬಿಳಿ.

"ಬೇಗ ಬಣ್ಣ ಹೊಡಿ ಮಾರಾಯ," ಎಂದು ಅದು ಸ್ಪ್ರೇ ಡಬ್ಬಿಯನ್ನು ಪೀಡಿಸಿತು.

"ಮೊದಲು ಮೈತುಂಬ ಗೋಂದು ಬಳಿಸಿಕೊಂಡು ಒಣಗು. ಬರಿಮೈಗೆ ನಾನು ತಾಗಿದರೆ ಕರಗಿಹೋಗುತ್ತೀಯ," ಎಂದಿತು ಡಬ್ಬಿ.

"ಗುಂಡಿಗೇ ಎದೆಯೊಡ್ಡುವ ಗೋಡೆ ನಾನು, ನಿನ್ನ ಬಣ್ಣಕ್ಕೆ ಹೆದರಲೇ? ಗೋಂದು ಒಣಗುವಷ್ಟರಲ್ಲಿ ಯುದ್ಧವೇ ಮುಗಿದಿರುತ್ತದೆ!"

ಕಾಟ ತಾಳಲಾರದೆ ಡಬ್ಬಿ ಒಮ್ಮೆ ಬುಸ್ಸೆಂದಿತು. ಒಂದು ಗಳಿಗೆ ಗೋಡೆಗೆ ಸಿಮೆಂಟಿನ ಬಣ್ಣ ಬಂತು; ಮರುಗಳಿಗೆ ಮೈಯೆಲ್ಲ ಕುಳಿಬಿದ್ದು ಕುಸಿಯಿತು.

ಅದರ ಮರೆಯಲ್ಲಿ ನಿಲ್ಲಬೇಕಿದ್ದ ಬೆರಳುದ್ದದ ಸಿಪಾಯಿ ಬಯಲಿನಲ್ಲಿ ನಿಂತು ಕೇಳಿದ: "ಅಲ್ಲ ಗೋಡೆಯಣ್ಣ, ಶತ್ರುಗಳಿನ್ನೂ ಪೆಟ್ಟಿಗೆಯಿಂದ ಹೊರಗೇ ಬಂದಿಲ್ಲ, ನೀನಾಗಲೇ ಬಿದ್ದೆಯಾ?"