ಓತಿಕ್ಯಾತನ ಒಪ್ಪಿಗೆ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಹಾಲಿನ ಸಂಘದ ನಿರ್ದೇಶಕಿ ಸಾಕಮ್ಮತ್ತೆ.

ಮಳೆಗಾಲಕ್ಕೆ ಕಾಳು ಕೂಡಿಡುವ ಅಳಿಲುಗಳ ಸಂಘಕ್ಕೆ ಓತಿಕ್ಯಾತ ನಿರ್ದೇಶಕನಾದ. ಯಾರು ಏನೇ ಓದಲಿ, ತಲೆಯಾಡಿಸುತ್ತಿದ್ದ. ಕಾರ್ಯದರ್ಶಿ ಹೆಗ್ಗಣನಿಗೆ ಅವನೆಂದರೆ ಪ್ರಾಣ. ಅಳಿಲುಗಳು ಹೆದರಿ ಅವನನ್ನು ಆಮೆಯ ಬಳಿ ತರಬೇತಿಗೆ ಕಳಿಸಿದವು. ಊಟ ಚೆನ್ನಾಗಿತ್ತು, ಪಾಠ ಒಂದೇ: "ತಲೆಯಾಡಿಸುವ ಮೊದಲು ಒಂದು ಪ್ರಶ್ನೆ ಕೇಳಪ್ಪಾ."

ಮುಂದಿನ ಸಭೆಯಲ್ಲಿ ಹೆಗ್ಗಣ ಓದಿದ: "ಗಾಳಿಯಾಡಲು ಕಣಜಕ್ಕೊಂದು ತೂತು ಕೊರೆಯುವುದು. ಒಪ್ಪಿಗೆಯೇ?"

ಓತಿಕ್ಯಾತನ ಕತ್ತು ಆಗಲೇ ಅರ್ಧ ಬಗ್ಗಿತ್ತು. "ಎಷ್ಟು ದೊಡ್ಡದು, ಸ್ವಾಮಿ?"

"ಹೆಚ್ಚೇನಿಲ್ಲ, ನಾನು ಹೋಗಿಬರುವಷ್ಟು."

ಅಳಿಲುಗಳು ಬಿದ್ದುಬಿದ್ದು ನಕ್ಕವು, ಕಾಳು ಉಳಿಯಿತು. ಹೆಗ್ಗಣ ಕೆಮ್ಮಿ ಮುಂದಿನ ವಿಷಯಕ್ಕೆ ಬಂದ: "ನಿರ್ದೇಶಕರ ತರಬೇತಿ ದಂಡದ ಖರ್ಚು. ನಿಲ್ಲಿಸುವುದಕ್ಕೆ ಒಪ್ಪಿಗೆಯೇ?"

ಓತಿಕ್ಯಾತ ಹುಟ್ಟಿದ ಮೇಲೆ ಮೊದಲ ಸಲ ತಲೆಯನ್ನು ಅಡ್ಡಡ್ಡ ಆಡಿಸಿದ.

ನಿಮ್ಮ ಸಂಘಕ್ಕೂ ಹೊಸ ನಿರ್ದೇಶಕರು ಬಂದಿದ್ದರೆ, ತರಬೇತಿಯಲ್ಲಿ ಊಟಕ್ಕೆ ಎಬ್ಬಿಸುವ ಮುಂಚೆ ಈ ಕಥೆ ಹೇಳಿಬಿಡಿ.