ಅಳಿವೆಯ ಕಾವಲಿಗಿದ್ದ ನಂಗು

ಮಳೆಗಾಲದ ನಡುವಿನ ಆಟಿ ತಿಂಗಳ ಒಂಬತ್ತನೇ ದಿನ. ಬೆಳಗಿನ ಜಾವ ಮಳೆ ನಿಂತಿತ್ತು. ಗಾಳಿ ತೆಂಕಣದಿಂದ, ಮೆಲ್ಲಗೆ. ಕಡಲು ಬೂದಿ ಬಣ್ಣಕ್ಕಿತ್ತು.

ವರ್ಷ ಯಾವುದೆಂದು ಹೇಳಲಾಗದು, ಮಗು. ವರ್ಷಗಳನ್ನು ಎಣಿಸಲು ಆಗ ಯಾರೂ ಶುರು ಮಾಡಿರಲಿಲ್ಲ. ಲೋಕ ಅಷ್ಟು ಹೊಸದು. ನದಿಗೆ ಕಡಲು ಸೇರುವ ದಾರಿ ಇನ್ನೂ ರೂಢಿಯಾಗಿರಲಿಲ್ಲ. ಒಂದು ಮಳೆಗಾಲ ಇಲ್ಲಿ ಸೇರಿದರೆ ಮುಂದಿನ ಮಳೆಗಾಲ ಅಲ್ಲಿ. ನದಿಯ ಬಡಗು ದಂಡೆಯಲ್ಲಿ ಹೊಸ ಪಟ್ಟಣ. ತೆಂಕು ದಂಡೆಯ ಮರಳಿನಲ್ಲಿ ಮೀನು ಹಿಡಿಯುವವರ ಹದಿನೆಂಟು ಗುಡಿಸಲು.

ಆಗ ಕಡಲು ಮಾತಾಡುತ್ತಿತ್ತು. ದಡದವರ ಹತ್ತಿರ ಅದು ಒಂದು ಕರಾರು ಮಾಡಿಕೊಂಡಿತ್ತು.

"ಹತ್ತು ತಿಂಗಳು ಬನ್ನಿ," ಅಂದಿತ್ತು ಕಡಲು. "ಮಳೆ ಇಳಿಯುವ ಸೋಣದಲ್ಲಿ ಸಿಗಡಿ ಕೊಡುತ್ತೇನೆ. ಪೈರು ಕೊಯ್ಯುವಾಗ ಬಂಗುಡೆ. ಚಳಿಗೆ ಬೂತಾಯಿ. ಸೆಕೆ ಹುಟ್ಟುವಾಗ ಅಂಜಲ್. ಮಳೆಯ ಎರಡು ತಿಂಗಳು ಮಾತ್ರ ಬರಬೇಡಿ. ಆಗ ನನ್ನ ಮಕ್ಕಳ ಹೊಟ್ಟೆಯಲ್ಲಿ ಮೊಟ್ಟೆ ಇರುತ್ತದೆ."

ಈ ಮಾತು ಕಾಯಲು ಕಡಲು ಅಳಿವೆಯಲ್ಲಿ, ನದಿ ಕಡಲಿಗೆ ಬೀಳುವ ಬಾಯಿಯಲ್ಲಿ, ನಂಗು ಮೀನನ್ನು ನಿಲ್ಲಿಸಿತ್ತು.

ಆಗ ನಂಗು ಎಲ್ಲ ಮೀನುಗಳ ಹಾಗೆ ನೆಟ್ಟಗೆ ಈಜುತ್ತಿತ್ತು. ಮುಖದ ಆಚೆಗೊಂದು ಈಚೆಗೊಂದು ಕಣ್ಣು. ಒಂದು ಕಣ್ಣು ದಡಕ್ಕೆ, ಒಂದು ಕಣ್ಣು ಕಡಲಿಗೆ. ಮಳೆಯ ತಿಂಗಳಲ್ಲಿ ದಡದಿಂದ ದೋಣಿ ಹೊರಟರೆ ನಂಗು ಬಾಲದಿಂದ ಮರಳಿಗೆ ಬಡಿಯುತ್ತಿತ್ತು. ಕಡಲು ಎದ್ದು ಅಡ್ಡ ತೆರೆ ಎಬ್ಬಿಸುತ್ತಿತ್ತು, ದೋಣಿ ಹಿಂದೆ ತಿರುಗುತ್ತಿತ್ತು. ಪಡುವಣದಿಂದ ಕೆಟ್ಟ ತೆರೆ ಬರುವುದು ಕಂಡರೂ ನಂಗು ಹಾಗೇ ಬಡಿಯುತ್ತಿತ್ತು. ಆ ಸದ್ದಿಗೆ ದಡದವರು ದೋಣಿಗಳನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು. ಕಾವಲು ಎರಡೂ ಕಡೆಯವರಿಗೆ ಸೇರಿದ್ದು.

ಕಾವಲು ಇರುವವರೆಗೆ ನಂಗು ಜಾಗ ಬಿಟ್ಟು ಕದಲುವಂತಿರಲಿಲ್ಲ. ಹೊಟ್ಟೆಗೆ ನೀರು ತಂದದ್ದೇ ಗತಿ.

ಹದಿನೆಂಟು ಗುಡಿಸಲುಗಳಲ್ಲಿ ಒಂದು ಮೈಂದ ಮರಕಾಲನದು. ಅವನ ಹೆಂಡತಿ ರಾಕು. ಇಬ್ಬರು ಚಿಕ್ಕ ಮಕ್ಕಳು. ಆ ದಿನ ಅವರ ಮಡಕೆಯಲ್ಲಿ ಅಕ್ಕಿ ಇರಲಿಲ್ಲ, ಒಣಮೀನೂ ಮುಗಿದಿತ್ತು. ರಾಕು ಕೆಸುವಿನ ಎಲೆ ಬೇಯಿಸುತ್ತಿದ್ದಳು.

ಪಟ್ಟಣದಿಂದ ಸಂಕಪ್ಪ ಧಣಿ ನದಿ ದಾಟಿ ಬಂದ. ಅವನ ಹಿಂದೆ ಒಬ್ಬ ಆಳು, ಆಳಿನ ತಲೆಯ ಮೇಲೆ ಹುಲ್ಲಿನಲ್ಲಿ ಬಿಗಿದು ಕಟ್ಟಿದ ಒಂದು ಮುಡಿ ಅಕ್ಕಿ.

"ಮೈಂದ, ದೋಣಿ ಬಾಡಿಗೆಗೆ ಉಂಟಾ?"

"ಆಟಿಯಲ್ಲಿ ಎಂತ ದೋಣಿ, ಧಣಿ? ಕಡಲು ಬಾಗಿಲು ಹಾಕಿದೆ."

"ಬಾಗಿಲು ಅಂದ ಮೇಲೆ ತೆರೆಯಲಿಕ್ಕೂ ಆಗ್ತದೆ. ಒಂದು ದಿನ ಮಾತ್ರ. ನೀನು ಹುಟ್ಟು ಹಾಕು, ನಾನು ಕೂತು ಗಾಳ ಹಾಕ್ತೇನೆ. ಈ ಮುಡಿ ನಿನಗೆ."

"ಮೀನೇ ಬೇಕಾದರೆ ನದಿಯಲ್ಲಿ ಸಿಗ್ತದಲ್ಲ ಧಣಿ."

"ನದಿಯ ಮೀನು ನಮ್ಮ ಅಡುಗೆಯವಳೂ ಸೆರಗಿನಲ್ಲಿ ಹಿಡೀತಾಳೆ. ನನಗೆ ಅಂಜಲ್ ಬೇಕು. ತಿನ್ನಲಿಕ್ಕೆ ಅಲ್ಲ ಮಾರಾಯ, ಹಿಡಿದೆ ಅಂತ ಹೇಳಲಿಕ್ಕೆ."

"ಬೇಡ ಅಂತ ಹೇಳಿ," ಅಂದಳು ರಾಕು, ಒಳಗಿನಿಂದ.

ಆಳು ಮುಡಿಯನ್ನು ಹೊಸ್ತಿಲಿನ ಮೇಲೆ ಇಳಿಸಿದ. ಮಕ್ಕಳು ಬಂದು ಅದರ ಮೇಲೆ ಕೈಯಿಟ್ಟು ನಿಂತರು. ಮೈಂದ ಹೆಂಡತಿಯ ಮುಖ ನೋಡಿದ. ರಾಕು ಮಕ್ಕಳ ಕೈ ನೋಡಿದಳು. ಎರಡನೇ ಸಲ ಅವಳು ಬೇಡ ಅನ್ನಲಿಲ್ಲ.

ಇನ್ನು ನಂಗುವನ್ನು ದಾಟಬೇಕು. ಮೈಂದ ಯೋಚಿಸಿದ. ದಡದಲ್ಲಿ ಬಲೆ ಎಳೆಯುವಾಗ ಒಂದು ಕಟ್ಟಳೆಯಿತ್ತು. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನಲ್ಲಿ ಪಾಲು, ದಾರಿಯಲ್ಲಿ ಹೋಗುವವನಾದರೂ ಸರಿ. ಪಾಲು ತೆಗೆದುಕೊಂಡ ಮೇಲೆ ಅವನು ಆ ಬಲೆಯವನೇ. ಆಮೇಲೆ ಆ ಬಲೆಯ ಮೇಲೆ ಅವನು ದೂರು ಹೇಳುವಂತಿಲ್ಲ.

ಮೈಂದ ಸೊಂಟದವರೆಗೆ ನೀರಿಗೆ ಇಳಿದು ಕರೆದ.

"ನಂಗಕ್ಕಾ, ಹೊಟ್ಟೆಗೆ ಎಂತಾದರೂ ಆಯ್ತಾ?"

"ಎಂತ ಆಗುವುದು? ಎರಡು ದಿನದಿಂದ ಕೆಸರು ನೀರು."

"ಇವತ್ತಿನ ಮೀನಿನಲ್ಲಿ ನಿನಗೊಂದು ಪಾಲು. ಕರುಳು, ಕಿವಿರು, ಎಲ್ಲ ನಿನಗೆ."

"ನಾನು ಹಗ್ಗ ಎಳೆಯುವವಳಲ್ಲವಲ್ಲ."

"ಎಳೆಯಬೇಡ. ಸ್ವಲ್ಪ ಹೊತ್ತು ಮರಳಿಗೆ ಒರಗಿಕೋ. ಅಷ್ಟೇ ನಿನ್ನ ಕೆಲಸ."

"ಕಡಲು ಕೇಳಿದರೆ?"

"ನಿದ್ದೆ ಬಂತು ಅನ್ನು. ಯಾರಿಗೆ ಬರುವುದಿಲ್ಲ?"

"ಹಸಿದವರಿಗೆ ಬರುವುದಿಲ್ಲ ಮೈಂದ. ನಿನಗೂ ಗೊತ್ತುಂಟು."

ಅಂದಿತು, ಆದರೂ ಒರಗಿತು. ಕಡಲಿನ ಮುಖ ನೋಡಲು ನಾಚಿಕೆಯಾಗಿ, ಕಡಲ ಕಡೆಯ ಕಣ್ಣನ್ನೇ ಮರಳಿಗೆ ಒತ್ತಿಕೊಂಡಿತು.

ಮೈಂದ ಅದನ್ನು ಕಂಡ. "ಅಕ್ಕಾ, ಆ ಕಣ್ಣಲ್ಲ, ಇನ್ನೊಂದು," ಅನ್ನಬೇಕೆಂದುಕೊಂಡ. ಅಷ್ಟರಲ್ಲಿ ಧಣಿ ಓಲೆಕೊಡೆಯನ್ನು ಮರಳಿಗೆ ಚುಚ್ಚಿ ದೋಣಿ ಹತ್ತಿದ್ದ. "ಬಾ ಮಾರಾಯ, ಮೀನು ನಿನ್ನನ್ನು ಕಾಯ್ತದಾ?" ಎಂದು ಕೂಗಿದ.

ದೋಣಿ ಅಳಿವೆ ದಾಟಿತು. ಬಾಲದ ಸದ್ದು ಆಗಲಿಲ್ಲ. ಕಡಲು ಏಳಲಿಲ್ಲ.

"ಎಲ್ಲಿಗೆ ಮೈಂದಾ?" ಅಂದಿತು ಗಾಳಿ.

"ಇಲ್ಲೇ," ಅಂದ ಮೈಂದ.

ಗಾಳ ಇಳಿಸಿದ ಕೂಡಲೇ ಅಂಜಲ್ ಬಿತ್ತು. ತೋಳಿನಷ್ಟು ಉದ್ದ. ಹೊಟ್ಟೆ ಉಬ್ಬಿತ್ತು.

"ಇದನ್ನು ಬಿಟ್ಟುಬಿಡುವ, ಧಣಿ. ಬಸುರಿ."

"ದೋಣಿ ಬಾಡಿಗೆಗೆ ತಗೊಂಡದ್ದು ಯಾರು? ನಾನು. ಹಾಗಾದರೆ ಎಳೆ."

ಎರಡನೆಯದೂ ಬಸುರಿ, ಮೂರನೆಯದೂ ಬಸುರಿ. ಮಳೆಯ ತಿಂಗಳಲ್ಲಿ ಬೇರೆ ಮೀನು ಎಲ್ಲಿಂದ ಬರಬೇಕು? ಒಟ್ಟು ಏಳು. ದೋಣಿಯ ಹಲಗೆಯ ಮೇಲೆ ಮೊಟ್ಟೆ ಹರಿದು ಇಬ್ಬರ ಪಾದಕ್ಕೂ ಅಂಟಿತು. ಧಣಿ ಕಾಲು ಒರೆಸಿಕೊಂಡು ನಕ್ಕ. ಮೈಂದ ನಗಲಿಲ್ಲ. ಹಿಂದೆ ಬರುವಾಗ ಅಳಿವೆಯ ಹೊರಗೆ ದೋಣಿ ನಿಲ್ಲಿಸಿ, ಮೀನು ಸೀಳಿ, ಕರುಳನ್ನು ನೀರಿಗೆ ಎಸೆದ. ಮಾತು ಕೊಟ್ಟಿದ್ದನಲ್ಲ.

ನಂಗು ಮಲಗಿದಲ್ಲೇ ತಿಂದಿತು.

ಆಗ ತೆಂಕಣ ಗಾಳಿ ಪಡುವಣಕ್ಕೆ ತಿರುಗಿತು. "ನಂಗೂ," ಅಂದಿತು ಗಾಳಿ, "ಪಡುವಣ ನೋಡು."

ನಂಗುವಿನ ಬಾಯಿ ತುಂಬಿತ್ತು.

"ನಂಗೂ, ಪಡುವಣ ನೋಡು!"

ಪಡುವಣ ನೋಡುವ ಕಣ್ಣು ಮರಳಿನಲ್ಲಿತ್ತು. ಅದು ಏಳಬೇಕು, ಮರಳು ಕೊಡವಬೇಕು, ಕಣ್ಣು ಬಿಡಬೇಕು. ಅಷ್ಟು ಹೊತ್ತು ಇರಲಿಲ್ಲ. ಒಂದರ ಹಿಂದೆ ಒಂದು ಮೂರು ತೆರೆ ಬಂದವು. ಮೊದಲನೆಯದು ದೋಣಿಯನ್ನು ಅಡ್ಡ ತಿರುಗಿಸಿತು. ಎರಡನೆಯದು ಮಗುಚಿತು. ಮೂರನೆಯದು ಬರುವಾಗ ನೀರಿನ ಮೇಲೆ ಸಂಕಪ್ಪ ಧಣಿ ಒಬ್ಬನೇ ಇದ್ದ, ಹುಟ್ಟನ್ನು ತಬ್ಬಿಕೊಂಡು. ಆ ಹುಟ್ಟನ್ನು ಅವನ ಕೈಗೆ ತುರುಕಿದವನು ಮೈಂದ.

ಧಣಿ ಪಟ್ಟಣ ಮುಟ್ಟಿದ. ಅಲ್ಲಿ ಅವನು ಮೀನಿನ ಉದ್ದ ಹೇಳಿದ. ಮೈಂದನ ಹೆಸರು ಹೇಳಲಿಲ್ಲ.

ಮುಡಿ ಅಕ್ಕಿ ಗುಡಿಸಲಿನಲ್ಲೇ ಇತ್ತು. ರಾಕು ಅದನ್ನು ಬಿಚ್ಚಿ ಬೇಯಿಸಿದಳು. ಮಕ್ಕಳು ಉಂಡರು. ಅವಳೂ ಉಂಡಳು. ಉಣ್ಣದೆ ಇರಲು ಆಗುವುದಿಲ್ಲ, ಮಗು.

ಮೂರನೇ ದಿನ ಅವಳು ಅಳಿವೆಗೆ ಬಂದಳು.

"ನನ್ನ ಗಂಡ ಎಲ್ಲಿ?" ಎಂದು ಕಡಲನ್ನು ಕೇಳಿದಳು.

"ನನ್ನ ಹತ್ತಿರ."

"ಕೊಡು."

"ಕೊಡುವಷ್ಟು ಉಳಿದಿಲ್ಲ, ರಾಕು."

"ನೀನೇ ಕೊಂದದ್ದು."

"ತೆರೆ ಬರುವುದು ನನ್ನ ಉಸಿರಾಟ. ಬರುತ್ತದೆ ಎಂದು ಹೇಳಬೇಕಾದವರು ಹೇಳಲಿಲ್ಲ," ಅಂದಿತು ಕಡಲು. "ನನ್ನವೂ ಏಳು ಬಸಿರು ಹೋದವು."

ರಾಕು ನಂಗುವಿನ ಕಡೆ ತಿರುಗಿದಳು. ಅದು ಇನ್ನೂ ಒರಗಿಯೇ ಇತ್ತು. ಏಳುವ ಧೈರ್ಯ ಬಂದಿರಲಿಲ್ಲ.

"ಪಾಲು ತಗೊಂಡೆಯಾ?"

"ತಗೊಂಡೆ."

"ತಿಂದೆಯಾ?"

"ತಿಂದೆ, ರಾಕಕ್ಕ."

"ಹಾಗಾದರೆ ನೀನು ಆ ದೋಣಿಯವಳು. ದೋಣಿಯಿಂದ ಒಬ್ಬ ಹೋದರೆ ಅವನ ಮನೆಗೆ ಅವನ ಪಾಲನ್ನು ಉಳಿದವರು ಕೊಡಬೇಕು. ನಮ್ಮಲ್ಲಿ ಹಾಗೆ. ಧಣಿ ನದಿ ದಾಟಿ ಹೋದ. ಉಳಿದವಳು ನೀನು."

"ನನ್ನ ಹತ್ತಿರ ಎಂತ ಉಂಟು? ಎದ್ದು ನಿಲ್ಲುತ್ತೇನೆ ಅಕ್ಕ. ಮೊದಲಿನ ಹಾಗೆ ಕಾಯುತ್ತೇನೆ."

"ಮೊದಲಿನ ಹಾಗೆ ನನ್ನ ಮನೆಯಲ್ಲಿ ಎಂತ ಉಂಟು ಹೇಳು?"

ನಂಗು ಬಾಲವನ್ನು ಮರಳಿನೊಳಗೆ ಎಳೆದುಕೊಂಡಿತು.

"ನಾಳೆ ನನ್ನ ಮಕ್ಕಳೂ ಇದೇ ಅಳಿವೆ ದಾಟುವವರು," ಅಂದಳು ರಾಕು. "ನೀನು ಇನ್ನು ಏಳುವುದು ಬೇಡ. ಮಲಗಿದವಳು ಮಲಗಿಯೇ ಇರು. ಆದರೆ ಮರಳಿನಲ್ಲಿ ಅಡಗಿಸಿದ ಆ ಕಣ್ಣು ಮೇಲೆ ಬರಲಿ. ನಮ್ಮ ದೋಣಿಗಳ ಅಡಿಯನ್ನು ಎರಡೂ ಕಣ್ಣಿನಿಂದ ನೋಡುತ್ತಾ ಇರು."

ಕಡಲು ಬೇಡ ಅನ್ನಲಿಲ್ಲ. ನಂಗುವಿನ ಅಡಿಗಣ್ಣನ್ನು ಎಳೆಯತೊಡಗಿತು. ಒಂದೇ ದಿನಕ್ಕೆ ಮುಗಿಯುವ ಕೆಲಸವಲ್ಲ ಅದು. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯವರೆಗೆ ಕಣ್ಣು ಕೂದಲೆಳೆಯಷ್ಟೇ ಸರಿಯುತ್ತ, ಹಣೆಯ ಮೂಳೆಯನ್ನು ಬಳಸಿಕೊಂಡು ಮೇಲೆ ಬಂತು. ಬರುವಾಗ ಬಾಯಿಯನ್ನೂ ಸೊಟ್ಟ ಎಳೆದುಕೊಂಡು ಬಂತು. ನಂಗು ಆ ಒಂದು ತಿಂಗಳೂ ಕೂಗಿತು. ದಡದ ಹದಿನೆಂಟು ಗುಡಿಸಲಿಗೂ ಕೇಳಿಸಿತು. ರಾಕು ಬಾಗಿಲು ಹಾಕಿಕೊಳ್ಳಲಿಲ್ಲ; ಕೂತು ಕೇಳಿದಳು.

"ಆಯಿತಾ ಅಕ್ಕ?" ಅಂದಿತು ನಂಗು, ಕೊನೆಗೆ. "ಪಾಲು ಸಂದಿತಾ?"

ರಾಕು ತನ್ನ ಇಬ್ಬರು ಮಕ್ಕಳನ್ನು ನೋಡಿದಳು. "ನನಗೆ ಸಂದಿತು," ಅಂದಳು. "ಇವರಿಗೆ?"

ಕಡಲು ಅದನ್ನೂ ಕೇಳಿಸಿಕೊಂಡಿತು.

ಅಂದಿನಿಂದ, ಮಗು, ನಂಗುವಿನ ಮರಿ ಹುಟ್ಟುವಾಗ ಎಲ್ಲ ಮೀನುಮರಿಗಳ ಹಾಗೆಯೇ ಇರುತ್ತದೆ. ನೆಟ್ಟಗೆ ಈಜುತ್ತದೆ, ಒಂದು ಕಣ್ಣು ಆಚೆ, ಒಂದು ಕಣ್ಣು ಈಚೆ. ಕೆಲವು ದಿನ ಕಳೆದ ಮೇಲೆ ಅದು ಒರಗುತ್ತದೆ, ಕಣ್ಣು ಹೊರಡುತ್ತದೆ. ಬಂದರಿನ ಬುಟ್ಟಿಯಲ್ಲಿ ನೀನು ಕಾಣುವ ಪ್ರತಿಯೊಂದು ನಂಗು, ಎರಡೂ ಕಣ್ಣು ಒಂದೇ ಕಡೆಗಿರುವ ಆ ಸೊಟ್ಟ ಬಾಯಿಯ ಮೀನು, ತಾನು ಹುಟ್ಟುವ ಮೊದಲೇ ಸತ್ತ ಒಬ್ಬನ ಮಕ್ಕಳಿಗೆ ತನ್ನ ಪಾಲನ್ನು ತೆತ್ತೇ ದೊಡ್ಡದಾಗಿರುತ್ತದೆ.