ಗುಮಾಸ್ತ ಆರಿಸಿದ ಲ್ಯಾಪ್‌ಟಾಪ್

"ಗುರುಗಳೇ, ಯಾರು ಕರೆದರೂ ನಾನು ಹೋಗಿದ್ದೇನೆ. ಒಂದು ದಿನವೂ ಆಗುವುದಿಲ್ಲ ಎಂದಿಲ್ಲ. ಆದರೂ ನನ್ನ ಸೇವೆಯಲ್ಲಿ ಏನೋ ಕೊರತೆಯಿದೆ ಎಂದು ನಿನ್ನೆ ಎಲ್ಲರೆದುರು ಅಂದಿರಿ. ಅದೇನು?"

ಕೇಳಿದವನು ಚನ್ನವೀರ. ಆಶ್ರಮದಲ್ಲಿ ಹಾಸಿಗೆ ಹಿಡಿದ ಎಂಟು ಮಂದಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಅವನದು. ಅವನ ದನಿಯಲ್ಲಿ ಪ್ರಶ್ನೆಗಿಂತ ಸಿಟ್ಟು ಹೆಚ್ಚಿತ್ತು.

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗುಮಾಸ್ತನಿದ್ದ. ಮದುವೆಯಾಗಿರಲಿಲ್ಲ. ಅವನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ಜೊತೆಗಿದ್ದಳು. ಒಂದು ದಿನ ಅವಳು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಅಲ್ಲಿಂದಾಚೆ ಮಂಚದಿಂದ ಇಳಿಯಬೇಕಾದರೆ ಯಾರಾದರೂ ಹಿಡಿದುಕೊಳ್ಳಬೇಕು. ಹಗಲಿಗೆ ಒಬ್ಬ ಹೆಂಗಸು ಬರುತ್ತಿದ್ದಳು. ಸಂಜೆ ಆರರ ಮೇಲೆ ತಮ್ಮನೇ.

ಗುಮಾಸ್ತನಿಗೆ ಇದ್ದದ್ದು ಒಂದೇ ಚಟ, ಕಂಪ್ಯೂಟರ್ ಆಟ. ಮೂಗು ಮುರಿಯಬೇಡ, ಚನ್ನವೀರ. ದಿನವಿಡೀ ಯಾರದೋ ಕಡತ ತಿರುವಿ ಹಾಕಿದವನಿಗೆ ಸಂಜೆ ತನ್ನದು ಎನ್ನುವ ಒಂದಿಷ್ಟು ಹೊತ್ತು ಬೇಡವೇ? ಅವನದು ಐದು ಜನರ ತಂಡ. ಎದುರು ಐದು ಜನ. ಒಂದು ಆಟಕ್ಕೆ ಅರ್ಧ ಗಂಟೆ. ನಡುವೆ ಒಬ್ಬ ಎದ್ದುಹೋದರೆ ಉಳಿದ ನಾಲ್ವರ ಕತೆ ಮುಗಿದಂತೆ. ವೈರಿಯ ಹೆಜ್ಜೆ ಎಡದಿಂದ ಬಂತೋ ಬಲದಿಂದ ಬಂತೋ ಎಂಬುದನ್ನು ಕಿವಿಯಿಂದಲೇ ತಿಳಿಯಬೇಕು. ಅದಕ್ಕಾಗಿ ಅವನು ಹೆಡ್‌ಫೋನ್ ಹಾಕಿಕೊಂಡು ಆಡುತ್ತಿದ್ದ.

ಹೆಡ್‌ಫೋನ್ ಹಾಕಿಕೊಂಡರೆ ಅಕ್ಕನ ಕೂಗು ಕೇಳುತ್ತಿರಲಿಲ್ಲ. ಅವಳು ಸ್ಟೀಲ್ ಲೋಟ ಹಿಡಿದು ಮಂಚದ ಕಬ್ಬಿಣಕ್ಕೆ ಬಡಿಯುತ್ತಿದ್ದಳು. ನಾಲ್ಕೈದು ಸಲ ಬಡಿದ ಮೇಲೆ ಅವನು ಬರುತ್ತಿದ್ದ. "ಕಿವುಡಾ, ಎಷ್ಟು ಹೊತ್ತೋ" ಎಂದು ಬಾಯ್ತುಂಬ ಬೈದು ಅವನ ಹೆಗಲು ಹಿಡಿದು ಏಳುತ್ತಿದ್ದಳು. ಒಮ್ಮೆ ಕಾಲು ಗಂಟೆ ಬಡಿದರೂ ಅವನು ಬರಲಿಲ್ಲ. ಕೊನೆಗೆ ಬಂದು ನೋಡಿದಾಗ ಲೋಟದ ಅಂಚು ನೆಗ್ಗಿತ್ತು. ಇನ್ನು ಹೆಡ್‌ಫೋನ್ ಮುಟ್ಟುವುದಿಲ್ಲ ಎಂದು ನಿರ್ಧರಿಸಿದ.

ಆದರೆ ಅವನ ಹಳೆಯ ಲ್ಯಾಪ್‌ಟಾಪಿನ ಸ್ಪೀಕರ್ ಸೊಳ್ಳೆಯ ಹಾಗೆ ಗುಂಯ್‌ಗುಡುತ್ತಿತ್ತು. ಆಟಕ್ಕೆಂದೇ ಮಾಡಿದ, ಒಳ್ಳೆಯ ಸ್ಪೀಕರ್ ಒಳಗೇ ಇರುವ ಹೊಸದೊಂದನ್ನು ಕೊಳ್ಳಲು ಹೊರಟ. ಸಣ್ಣ ದನಿಯಲ್ಲಿ ಇಟ್ಟರೂ ಹೆಜ್ಜೆಯ ಸದ್ದು ಬಿಡಿಬಿಡಿಯಾಗಿ ಕೇಳಬೇಕು, ಅಕ್ಕ ಕರೆದರೆ ಅದೂ ಕೇಳಬೇಕು. ಅವನು ಬಯಸಿದ್ದು ಇಷ್ಟೇ.

ಒಂದು ತಿಂಗಳು ಅಂಗಡಿ ಅಂಗಡಿ ತಿರುಗಿದ. ಅವರು ಪರದೆ ತೋರಿಸಿದರು, ವೇಗ ಹೇಳಿದರು, ಬಣ್ಣ ಬಣ್ಣವಾಗಿ ಮಿನುಗುವ ಕೀಲಿಗಳನ್ನು ಹೊಗಳಿದರು. ಇವನು ಕಿವಿಯನ್ನು ಹತ್ತಿರ ಇಟ್ಟು ಕೇಳಿದ. ಒಂದರಲ್ಲಿ ಸ್ಪೀಕರ್ ಅಡಿಯಲ್ಲಿತ್ತು, ತೊಡೆಯ ಮೇಲೆ ಇಟ್ಟರೆ ಬಾಯಿಗೆ ಬಟ್ಟೆ ತುರುಕಿದ ಹಾಗಾಗುತ್ತಿತ್ತು. ಇನ್ನೊಂದರ ಫ್ಯಾನು ಸ್ಪೀಕರಿಗಿಂತ ಜೋರು. ಮತ್ತೊಂದರಲ್ಲಿ ಸದ್ದು ಬೇಕಾದಷ್ಟಿತ್ತು, ಎಡ ಬಲ ಗೊತ್ತಾಗುತ್ತಿರಲಿಲ್ಲ.

ಒಬ್ಬ ಅಂಗಡಿಯವನಿಗೆ ಬೇಸರ ಬಂತು. "ಗೇಮ್ ಆಡೋರೆಲ್ಲ ಹೆಡ್‌ಫೋನ್ ಹಾಕ್ಕೊಂಡೇ ಆಡ್ತಾರೆ ಸಾರ್. ಸ್ಪೀಕರಿಗೆ ಯಾಕೆ ಇಷ್ಟು ತಲೆ ಕೆಡಿಸ್ಕೊತೀರಾ?"

"ಒಳಗೆ ನಮ್ಮಕ್ಕ ಮಲಗಿರ್ತಾಳೆ. ಕರೆದರೆ ನನಗೆ ಕೇಳಬೇಕಲ್ಲ."

ಅಂಗಡಿಯವನು ಎದ್ದು ಕೈಮುಗಿದ. ಪಕ್ಕದಲ್ಲಿದ್ದ ಗಿರಾಕಿಗೂ ಹೇಳಿದ. ಗುಮಾಸ್ತನಿಗೆ ಅದು ಹಿತವಾಯಿತು. ಮುಂದಿನ ಅಂಗಡಿಯಲ್ಲಿ ಯಾರೂ ಕೇಳದಿದ್ದರೂ ತಾನೇ ಹೇಳಿದ. ಆಮೇಲೆ ಕಚೇರಿಯಲ್ಲಿ ಹೇಳಿದ. ನೆಂಟರ ಮನೆಯಲ್ಲೂ ಹೇಳಿದ. ತಮ್ಮ ಎಂದರೆ ಹೀಗಿರಬೇಕು ಎಂದು ಎಲ್ಲರೂ ಅಂದರು.

ಕೊನೆಗೆ ಅವನಿಗೆ ಬೇಕಾದದ್ದು ಸಿಕ್ಕಿತು. ಸ್ಪೀಕರ್ ಕೀಲಿಗಳ ಎರಡೂ ಪಕ್ಕದಲ್ಲಿ ಮೇಲ್ಮುಖವಾಗಿತ್ತು. ಫ್ಯಾನಿನ ಗಲಾಟೆ ಇರಲಿಲ್ಲ. ಆಯ್ಕೆ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ.

ಮೊದಲ ವಾರ ಅಕ್ಕ ಎರಡು ಸಲ ಕರೆದಳು. ಎರಡು ಸಲವೂ ಅವನು ಆಟ ಬಿಟ್ಟು ಥಟ್ಟನೆ ಬಂದ. ಗೊಣಗಲೂ ಇಲ್ಲ. ಅವಳ ತೋಳು ಹಿಡಿದು ನಡೆಸುವಾಗ ಅವನ ಮುಖ ಮಾತ್ರ ಲ್ಯಾಪ್‌ಟಾಪ್ ಇದ್ದ ಕೋಣೆಯ ಕಡೆಗಿತ್ತು. ಅಲ್ಲಿಂದ ಅವನ ತಂಡದವರು "ಎಲ್ಲಿ ಹೋದ್ಯೋ, ಸೋತ್ವಲ್ಲೋ" ಎಂದು ಕಿರುಚುತ್ತಿದ್ದರು. ಸ್ಪೀಕರ್ ಒಳ್ಳೆಯದು. ಅಕ್ಕನಿಗೂ ಕೇಳಿಸಿತು.

ಆಮೇಲೆ ಅವಳು ಸಂಜೆ ಹೊತ್ತು ಕರೆಯಲಿಲ್ಲ. ಆಟ ಮುಗಿಸಿ ಅವನೇ ಹೋಗಿ ಕೇಳಿದಾಗ ಏಳುತ್ತಿದ್ದಳು. ಗುಮಾಸ್ತನಿಗೆ ಸಂತೋಷವಾಯಿತು. ಅಕ್ಕ ಈಗ ಎಷ್ಟೋ ವಾಸಿ, ಮೊದಲಿನ ಹಾಗೆ ಪದೇ ಪದೇ ಎಬ್ಬಿಸಬೇಕಾಗಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಬಂದ. ಹೀಗೆ ಎರಡು ತಿಂಗಳು ಕಳೆಯಿತು.

ಒಂದು ಸಂಜೆ ಆಟದ ನಡುವೆ ಕರೆಂಟು ಹೋಯಿತು. ಇಂಟರ್ನೆಟ್ ನಿಂತಿತು, ಆಟವೂ ನಿಂತಿತು. ಸದ್ದು ಅಡಗಿದ ಮರುಕ್ಷಣವೇ ಒಳಗಿನಿಂದ ಅಕ್ಕನ ದನಿ ಬಂತು. "ಪುಟ್ಟಾ, ಮುಗೀತೇನೋ?"

ಅವನು ಮೊಬೈಲಿನ ಬೆಳಕು ಹಿಡಿದು ಹೋದ. ಹಾಸಿಗೆ ಒದ್ದೆಯಾಗಿತ್ತು. ಅಕ್ಕ ಸೀರೆಯ ಸೆರಗನ್ನು ಮುದ್ದೆ ಮಾಡಿ ಮೈಕೆಳಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿದ್ದಳು.

"ಯಾಕಕ್ಕಾ ಕರೀಲಿಲ್ಲ?"

"ಕೊನೇ ಸುತ್ತಿನ ಡೋಲು ಶುರುವಾಗಿತ್ತಲ್ಲೋ. ಅದಾದ್ಮೇಲೆ ಐದೇ ನಿಮಿಷ. ತಡ್ಕೋಬಹುದು ಅಂದ್ಕೊಂಡೆ. ತಪ್ಪಾಯ್ತು ಕಣೋ."

ಆ ಮನೆಯಲ್ಲಿ ಆಟ ಕಲಿತವರು ಇಬ್ಬರಾಗಿದ್ದರು. ಯಾವ ಸದ್ದು ಬಂದರೆ ಆಟ ಶುರು, ಯಾವುದಕ್ಕೆ ಸೋಲು, ಯಾವುದಕ್ಕೆ ಗೆಲುವು, ಎಲ್ಲ ಅಕ್ಕನಿಗೆ ಗೊತ್ತಿತ್ತು. ತಂಡದ ನಾಲ್ವರ ಹೆಸರೂ ಗೊತ್ತಿತ್ತು. ಅವನು ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದಾಗ ಮನೆಯಲ್ಲಿ ಸದ್ದಿರಲಿಲ್ಲ. ತಾನು ಏನನ್ನು ಕೆಡಿಸುತ್ತಿದ್ದೇನೆಂದು ತಿಳಿಯದೆ ಬೇಕೆಂದಾಗ ಕರೆಯುತ್ತಿದ್ದಳು, ಬೈಯುತ್ತಿದ್ದಳು. ಈಗ ಎಲ್ಲವೂ ಕೇಳುತ್ತಿತ್ತು. ಹಾಗಾಗಿ ಅವಳು ನಾಲ್ಕು ಗಂಟೆಯ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದಳು.

ಗುಮಾಸ್ತ ಹಾಸಿಗೆ ಬದಲಿಸಿದ. ಅವಳಿಗೆ ಬೇರೆ ಸೀರೆ ಕೊಟ್ಟು ಹೊರಗೆ ನಿಂತ. ತಪ್ಪಾಯಿತು ಎಂದು ಅವಳು ಅಂದದ್ದು ಅವನ ಎದೆಯಲ್ಲಿ ಸಿಕ್ಕಿಕೊಂಡಿತ್ತು. ಅಂಗಡಿಗಳಲ್ಲಿ ತಾನು ಆಡಿದ ಒಂದೊಂದು ಮಾತೂ ನೆನಪಾಗಿ ಮುಖ ಬಿಸಿಯಾಯಿತು. ಕರೆಂಟು ಇನ್ನಷ್ಟು ಹೊತ್ತು ಬರದಿರಲಿ ಎಂದುಕೊಂಡ.

ಮರುದಿನದಿಂದ ಅವನು ಆಟ ಬಿಟ್ಟ. ಮೂರನೆಯ ದಿನ ಅಕ್ಕ, ನನ್ನಿಂದಾಗಿ ನಿನ್ನ ಆಟವೂ ಹೋಯಿತಲ್ಲ ಎಂದು ಅತ್ತಳು. ಆಟ ಬಿಟ್ಟು ದೊಡ್ಡವನೆನಿಸಿಕೊಳ್ಳುವ ದಾರಿಯೂ ಅವನಿಗೆ ಉಳಿಯಲಿಲ್ಲ. ಆ ವಾರ ಸಂತೆಯಲ್ಲಿ, ಅಂದು ಎದ್ದು ಕೈಮುಗಿದಿದ್ದ ಅಂಗಡಿಯವನು ಎದುರಾದ. ಸ್ಪೀಕರ್ ಚೆನ್ನಾಗಿ ಕೇಳಿಸುತ್ತದೆಯೇ, ಅಕ್ಕ ಹೇಗಿದ್ದಾರೆ ಎಂದು ವಿಚಾರಿಸಿ, ಜೊತೆಗಿದ್ದ ಹೆಂಡತಿಗೆ ನಾನು ಹೇಳಿದ್ದೆನಲ್ಲ, ಅವರೇ ಇವರು ಎಂದು ತೋರಿಸಿದ. ಆಕೆ ಕೈಮುಗಿದಳು. ಗುಮಾಸ್ತ ತರಕಾರಿ ಚೀಲವನ್ನು ನೋಡುತ್ತ, ಚೆನ್ನಾಗಿ ಕೇಳಿಸುತ್ತದೆ ಎಂದು ಹೇಳಿ ಬೇಗ ಬೇಗ ಮನೆಗೆ ನಡೆದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಪಾಪ, ಕರೆದಾಗಲೆಲ್ಲ ಹೋಗಿದ್ದನಲ್ಲ" ಎಂದ ಚನ್ನವೀರ. "ಮುಂದೆ ಅವನು ಏನು ಮಾಡಿದ, ಗುರುಗಳೇ?"

"ಅದು ಅವನ ಪಾಡು. ನೀನು ಬೆಳಿಗ್ಗೆ ರಾಗವಾಗಿ ಪ್ರಾರ್ಥನೆ ಹೇಳುತ್ತಾ ಒಂದು ಗಂಟೆ ಕೂರುತ್ತೀಯಲ್ಲ, ಅದು ಮುಗಿಯುವ ತನಕ ನಿನ್ನ ಎಂಟು ಮಂದಿಯಲ್ಲಿ ಒಬ್ಬರೂ ಒಂದು ಗುಟುಕು ನೀರು ಕುಡಿಯುವುದಿಲ್ಲ, ಗೊತ್ತೇ?"